ಮುದುಕಿಯ ಪ್ರೆಶರ್ ಪುಸ್ತಕ

ಸೋನುನ್ ಸತ್ತವಳ ಹತ್ತಿಕೋಟನ್ನು ಕೊಡವಿ ಮಡಚುತ್ತಿದ್ದಳು. ಗುಡಾರದ ಗೋಡೆಗೆ ಮುಖಮಾಡಿ ಶೋಕದ ಹಾಡು ಹೇಳುತ್ತಿದ್ದ ಸೊಸೆ ಸಾಯ್ರಾಳ ಓರೆಗಣ್ಣಿಗೆ ಅದು ಬಿದ್ದದ್ದೇ ತಡ, ಸಾಲು ಅರ್ಧಕ್ಕೇ ನಿಂತಿತು.

ಹೆಣ ತೊಳೆದವರಿಗೇ ಸತ್ತವರ ಬಟ್ಟೆ ಸಲ್ಲಬೇಕು. ಅತ್ತೆ ಉಮ್ಸುನಾಯ್ ಅವರನ್ನು ನಾಲ್ವರು ಹೆಂಗಸರು ತೊಳೆದಿದ್ದರು. ಕೋಟು ಅತ್ತೆಯ ನಾದಿನಿ ಸೋನುನ್‌ಳ ಪಾಲಿಗೆ ಬಂತು. ಬರಲಿ, ಕೋಟಿಗೇನು. ಆದರೆ ಅದರ ಒಳಜೇಬಿನಲ್ಲಿ ಅತ್ತೆ ಪ್ರೆಶರ್ ಬರೆದಿಡುತ್ತಿದ್ದ ಪುಸ್ತಕವಿತ್ತು. ಗುರುವಾರ ವಿಚ್ಛೇದನದ ಕೋರ್ಟು. ಪುಸ್ತಕವಿಲ್ಲದೆ ಹೋದರೆ ಗಂಡ ಎರ್ಮೆಕ್‌ನ ಮಾತಿನೆದುರು ಸಾಯ್ರಾಳದು ಬರೀ ಮಾತು. ಮಕ್ಕಳಿಬ್ಬರೂ ಅವನ ಪಾಲು. ಸೋನುನ್ ಆ ಎರ್ಮೆಕ್‌ನನ್ನು ಎತ್ತಿ ಆಡಿಸಿದ ಸೋದರತ್ತೆ. ಅವನ ಮೇಲೆ ನೊಣ ಕೂರಲೂ ಬಿಟ್ಟವಳಲ್ಲ.

ಹೊರಗೆ ಗಂಡಸರು ಪದ್ಧತಿಯಂತೆ ಕೋಲೂರಿ ಬಾಗಿ ಅಳುತ್ತಿದ್ದರು. ಎಲ್ಲರಿಗಿಂತ ಗಟ್ಟಿ ದನಿ ಎರ್ಮೆಕ್‌ನದೇ.

"ಯಾಕೆ ನಿಲ್ಲಿಸ್ದೆ? ಇಸಿಕ್-ಕುಲ್ ಕಡೆ ನೆಂಟ್ರು ಬಂದವ್ರೆ, ಹಾಡು," ಎಂದಳು ಸೋನುನ್.

* * *

ಎರಡು ವರ್ಷದ ಹಿಂದೆ, ಸಾಯ್ರಾಳ ಕಿವಿಯಲ್ಲಿ ರಕ್ತ ಬಂದ ಮಧ್ಯಾಹ್ನ, ಉಮ್ಸುನಾಯ್ ತೋಳಿಗೆ ಪಟ್ಟಿ ಸುತ್ತಿಕೊಂಡು ಪ್ರೆಶರ್ ನೋಡಿಕೊಂಡರು. ಪುಸ್ತಕದಲ್ಲಿ ಅಂಕಿ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಬರೆದರು: ಎರ್ಮೆಕ್ ಸಾಯ್ರಾಳ ಎಡಗಿವಿಗೆ ಹೊಡೆದ. ನಾನು ನೋಡಿದೆ.

"ಅಪಾ, ನಿಮ್ ಮಗ ಅಲ್ವಾ?" ಎಂದಳು ಸಾಯ್ರಾ. ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದುದು.

"ಅದಕ್ಕೇ ಬರೀತಿರೋದು. ಪಕ್ಕದ್ಮನೆಯವ್ಳು ಬರೆದ್ರೆ ಹೊಟ್ಟೆಕಿಚ್ಚು ಅಂತಾರೆ."

"ನಿಮ್ ಮಗನ ಕಣ್ಣಿಗೆ ಬಿದ್ರೆ?"

"ನಿನ್ ಟ್ರಂಕು ಹುಡುಕ್ತಾನೆ. ಮುದುಕಿ ಪ್ರೆಶರ್ ಯಾರಿಗ್ ಬೇಕು?" ಎಂದು ಪುಸ್ತಕವನ್ನು ಕೋಟಿನೊಳಗೆ ತುರುಕಿ, ಅವಳ ಕಿವಿಗೆ ಬೆಚ್ಚನೆಯ ಬಟ್ಟೆ ಒತ್ತಿ ಹಿಡಿದರು. ಸಂಜೆವರೆಗೂ ಆ ಕೈ ತೆಗೆಯಲಿಲ್ಲ. ಸಾಯ್ರಾಳ ಹೆತ್ತ ತಾಯಿ ಕೂಡ "ಸಹಿಸ್ಕೋ" ಎಂದು ವಾಪಸ್ ಕಳಿಸಿದ್ದಳು.

* * *

ಸೋನುನ್‌ಳ ಕೈ ಜೇಬಿಗೆ ತಾಗಿತು. ಪುಸ್ತಕ ತೆಗೆದಳು. ಒಂದು ಹಾಳೆ ಓದಿದಳು, ಇನ್ನೊಂದು ಓದಿದಳು, ಮೂರನೆಯದಕ್ಕೆ ಬಂದು ನಿಂತಳು.

"ಅತ್ತಿಗೆ ನನ್ ಹೆಸ್ರನ್ನೂ ಬರ್ದವ್ಳೆ," ಎಂದಳು ಸೋನುನ್ ಮೆಲ್ಲಗೆ. "ಸೋನುನ್ ಬಾಗಿಲಲ್ಲಿದ್ದಳು. ನೋಡಿದಳು. ಟೀ ಕುಡಿದು ಹೋದಳು. ಅಂತ."

ಗುಡಾರದಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು. ಟೀ ಕುಡಿದು ಹೋದವರು ಅವಳೊಬ್ಬಳೇ ಅಲ್ಲ.

ಸೋನುನ್ ಮೊಣಕಾಲಲ್ಲೇ ಸರಿದು ಬಂದು ಪುಸ್ತಕವನ್ನು ಸಾಯ್ರಾಳ ಮಡಿಲಿಗೆ ಹಾಕಿದಳು. "ಇದನ್ನೇ ಹಾಡು. ಶೋಕದ ಹಾಡನ್ನ ಮಧ್ಯ ತಡೆಯೋ ಗಂಡ್ಸು ನಮ್ಮಲ್ಲಿನ್ನೂ ಹುಟ್ಟಿಲ್ಲ."

ಸಾಯ್ರಾ ಮತ್ತೆ ಗೋಡೆಗೆ ತಿರುಗಿದಳು.

"ಮಾರ್ಚ್ ಹನ್ನೊಂದು, ಅಪಾ, ನೀವು ಹಿಟ್ಟು ನಾದ್ತಿದ್ರಿ, ನನ್ ಕಿವೀಲಿ ರಕ್ತ ಬಂತು. ಜೂನ್ ನಾಲ್ಕು, ಅಪಾ, ಕುದುರೆ ಚಾಟಿ, ಬೆನ್ನು. ನೀವು ಅಡ್ಡ ಬಂದ್ರಿ. ನಾಳೆ ಯಾರು ಬರ್ತಾರೆ, ಅಪಾ?"

ಹೊರಗೆ ಒಬ್ಬೊಬ್ಬರದಾಗಿ ಅಳು ನಿಂತಿತು. ಎರ್ಮೆಕ್‌ನದು ಎಲ್ಲರಿಗಿಂತ ಮೊದಲು.

ತಾರೀಖಿನ ಮೇಲೆ ತಾರೀಖು ಹಾಡುತ್ತ ಅವಳು ಕೊನೆಯ ಹಾಳೆಗೆ ಬಂದಳು. ಅದು ಮೊನ್ನೆಯದು, ಅತ್ತೆ ಹೋಗುವ ಹಿಂದಿನ ದಿನದ್ದು. ಅಕ್ಷರ ಓರೆಯಾಗಿತ್ತು: ಪ್ರೆಶರ್ ನೂರ ತೊಂಬತ್ತು. ಇವತ್ತು ರೊಟ್ಟಿ ಸೀದಿತು, ಸಾಯ್ರಾ ನಕ್ಕಳು.

ಅದನ್ನು ಅವಳು ಹಾಡಲಿಲ್ಲ. ಗಂಡಸರು ಒಳಗೆ ಬಂದು ಉಮ್ಸುನಾಯ್ ಅವರನ್ನು ಎತ್ತಿಕೊಳ್ಳುವಾಗಲೂ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.