ಅರವತ್ತನಾಲ್ಕು ಬಿಟ್‌ನ ಪಾಲು

ಮಾಚೇನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ಮಾಡುತ್ತೇವೆ. ಮಾಡುವವರು ನನ್ನ ಅಣ್ಣಂದಿರಾದ ಜ್ಞಾನೇಶ ಮತ್ತು ಮಧು. ಆರ್ಡರ್ ಹಿಡಿಯುವುದು, ಕೊಟೇಶನ್ ಕಳಿಸುವುದು, ಜಿಎಸ್‌ಟಿ ಕಟ್ಟುವುದು, ಗಿರಾಕಿಗಳಿಂದ ಬೈಸಿಕೊಳ್ಳುವುದು ವೀಣಾ ಎಂಬ ನಾನು. ನನ್ನ ಈ ಕೆಲಸಕ್ಕೆ ಮನೆಯಲ್ಲಿ ‘ಕಂಪ್ಯೂಟರ್ ಮುಂದೆ ಕೂತಿರ್ತಾಳೆ’ ಎನ್ನುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಮಾತು ಬಿಟ್ಟರು. ಯಾಕೆಂದು ಕೇಳಿದರೆ ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ನೆನಪಿದೆ. ಒಬ್ಬನ ಗಿರಾಕಿ ಇನ್ನೊಬ್ಬನ ಕಣ್ಣಿಗೆ ಬೀಳಬಾರದೆಂದು ಒಂದೇ ಕಂಪ್ಯೂಟರಿನಲ್ಲಿ ತಲೆಗೊಂದು ಬ್ರೌಸರ್ ಹಾಕಿಸಿಕೊಂಡರು. ಗಿರಾಕಿಗಳ ಮೇಲ್, ಲೆಕ್ಕ ಎಲ್ಲ ಅದರಲ್ಲೇ. ಕಂಪ್ಯೂಟರಿನ ಮೆಮೊರಿ ನಾಲ್ಕೇ ಜಿಬಿ. ಎರಡೂ ಬ್ರೌಸರ್ ತೆರೆದರೆ ಇರುವುದನ್ನೆಲ್ಲ ತಿಂದು ಹಾಕಿ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಒಂದನ್ನು ಮುಚ್ಚಿದರೆ ಮುಚ್ಚಿಸಿಕೊಂಡವನು ನನ್ನ ಮೇಲೆ ಹಾರಾಡುತ್ತಿದ್ದ. ಮೆಮೊರಿ ಹೆಚ್ಚಿಸೋಣ ಎಂದೆ. ಅದು ಯಾರ ಪಾಲಿಗೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಬಂದು ಕೇಳಿದರು.

ಕೊನೆಗೆ ಪಾಲಾಗುವುದೆಂದು ತೀರ್ಮಾನವಾಯಿತು. ಭದ್ರಾವತಿಯಿಂದ ಸೋದರಮಾವ ಷಡಕ್ಷರಪ್ಪ ಬಂದರು. ಮನೆ ಪಾಲು ಮಾಡುವುದರಲ್ಲಿ ಮಾವನದು ಎತ್ತಿದ ಕೈ. ಹಿರಿಯವನು ಪಾಲು ಹಾಕಬೇಕು, ಎಲ್ಲರಿಗಿಂತ ಕಿರಿಯರು ಮೊದಲು ಆರಿಸಬೇಕು. ಈ ಕಟ್ಟಳೆಯನ್ನು ಅವರು ಎಲ್ಲಿಯೂ ಮುರಿದವರಲ್ಲ.

ಭಾನುವಾರ ಆಲ್ಕೊಳದ ನಮ್ಮ ಮನೆಯಲ್ಲಿ ತಿಂಡಿ ತಿಂದು ಎಲ್ಲರೂ ಕುಳಿತೆವು. ಟೀಪಾಯಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಒಂದು ಸೀರೆ, ಅದರ ಮೇಲೆ ನನಗೆ ಯಾವ ಹಕ್ಕೂ ಬೇಡವೆಂದು ಬರೆಸಿದ ಕಾಗದ.

“ವೀಣಂದು ಒಂದು ಸಹಿ ಅಷ್ಟೇ. ಮದುವೆ ಆಗಿ ಹೋಗೋಳು, ಅರಿಶಿನ ಕುಂಕುಮಕ್ಕೆ ಸೀರೆ ತಂದಿದೀನಿ,” ಎಂದರು ಮಾವ. ಅಮ್ಮ ಸುಭದ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಜ್ಞಾನೇಶ ಪಾಲು ಹಾಕಿದ. ಲೇತ್ ಮಶೀನು ಒಂದು ಕಡೆ, ಡ್ರಿಲ್ಲಿಂಗ್ ಮತ್ತು ವೆಲ್ಡಿಂಗ್ ಇನ್ನೊಂದು ಕಡೆ. ಕಂಪ್ಯೂಟರನ್ನು ಒಡೆಯಲಾಗದ್ದರಿಂದ ಅದು ಇಬ್ಬರಿಗೂ ಸೇರಿದ್ದು, ಬ್ರೌಸರ್ ಮಾತ್ರ ತಲೆಗೊಂದು.

“ಹಾಗಾದ್ರೆ ಮತ್ತೆ ಹ್ಯಾಂಗ್ ಆಗತ್ತೆ,” ಎಂದೆ. “ಈಗಿರೋದು ಎರಡೂ ಅರವತ್ನಾಲ್ಕು ಬಿಟ್ಟಿಂದು. ದೊಡ್ಡ ಕೆಲಸ ತಡ್ಕೊಳ್ಳತ್ತೆ, ಆದ್ರೆ ಮೆಮೊರಿ ಜಾಸ್ತಿ ತಿನ್ನತ್ತೆ. ಮೂವತ್ತೆರಡು ಬಿಟ್ಟಿಂದು ಕಡಿಮೆ ತಿನ್ನತ್ತೆ. ನಮ್ಮ ಕಂಪ್ಯೂಟರಿಗೆ ಅದೇ ಸರಿ.”

ಮಾವನ ಕಿವಿಗೆ ಬಿದ್ದದ್ದು ಅಂಕಿಗಳು ಮಾತ್ರ. “ಅಂದ್ರೆ ಮೂವತ್ತೆರಡು ಅರ್ಧ ಪಾಲು.”

“ನಂಗ್ಯಾಕೆ ಅರ್ಧ?” ಎಂದ ಮಧು, ಗೋಡೆಗೆ.

“ಹಿರಿಯ ನಾನು. ಅರ್ಧ ತಗೊಂಡ್ರೆ ಜನ ಏನಂತಾರೆ?” ಎಂದ ಜ್ಞಾನೇಶ, ಫ್ಯಾನಿಗೆ.

“ಇದೇನು ಎಕರೆ ಲೆಕ್ಕ ಅಲ್ಲ,” ಎಂದೆ. ಯಾರೂ ಕೇಳಲಿಲ್ಲ. ಮಾವ ಬಹಳ ಹೊತ್ತು ಯೋಚಿಸಿ, ಲೇತ್ ಇರುವ ಪಾಲಿಗೆ ಮೂವತ್ತೆರಡನ್ನೂ ಡ್ರಿಲ್ಲಿಂಗ್ ಪಾಲಿಗೆ ಅರವತ್ತನಾಲ್ಕನ್ನೂ ಸೇರಿಸಿ ಸರಿದೂಗಿಸಿದರು. ಆ ನ್ಯಾಯಕ್ಕೆ ಇಬ್ಬರೂ ತಲೆಯಾಡಿಸಿದರು.

“ಸರಿ. ಕಿರಿಯರು ಆರಿಸ್ಲಿ. ಹೇಳೋ ಮಧು.”

“ಮಾವ, ಕಿರಿಯಳು ನಾನು,” ಎಂದೆ.

ಮಾವ ನನ್ನನ್ನು ಆಗಷ್ಟೇ ಒಳಗೆ ಬಂದವಳೆಂಬಂತೆ ನೋಡಿದರು. “ನಿಂಗೆ ಸೀರೆ ಇದ್ಯಲ್ಲ ಮಾರಾಯ್ತಿ.”

“ನಂಗೆ ಮೂವತ್ತೆರಡರ ಪಾಲು ಸಾಕು. ಉಳಿದದ್ದನ್ನ ಮಧು ತಗೊಳ್ಲಿ. ಕೊನೆಗೆ ಉಳಿದೋರಿಗೆ ಸೀರೆ ಕೊಡಿ.”

ಕೊನೆಗೆ ಉಳಿಯುವವನು ಜ್ಞಾನೇಶ. ಅವನು ಸೀರೆಯನ್ನು ನೋಡಿದ. ಆಮೇಲೆ, ಅಪ್ಪನ ತಿಥಿಯಲ್ಲೂ ಮಾತಾಡದವನು, ತಮ್ಮನ ಕಡೆ ತಿರುಗಿದ. “ಲೋ ಮಧು, ಪಾಲು ಬೇಡ ಕಣೋ. ಒಟ್ಟಿಗೇ ಇರಣ.”

“ನಾನೂ ಅದನ್ನೇ ಹೇಳಣ ಅಂತಿದ್ದೆ ಅಣ್ಣ.”

ಅವರಿಬ್ಬರ ಮಾತು ಕೇಳಿ ನನಗೂ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಅರ್ಥವಾಯಿತು. ಒಂದಾಗಿದ್ದು ನನಗೆ ಏನೂ ಸಿಗದಿರಲೆಂದು. ಇಷ್ಟು ದಿನ ಇಬ್ಬರ ಮಾತನ್ನೂ ಅತ್ತಿಂದಿತ್ತ ಹೊತ್ತವಳು ನಾನು. ಅಳು ಬಂದರೂ ಅಳಲಿಲ್ಲ, ಅತ್ತರೆ ಸೀರೆ ಕೊಟ್ಟು ಸಮಾಧಾನ ಮಾಡುತ್ತಾರೆ.

“ಒಳ್ಳೇದೇ ಆಯ್ತು,” ಎಂದರು ಮಾವ. “ಹೇಗೂ ಬಂದಿದೀನಿ, ಅದೊಂದು ಸಹಿ ಆಗಿಹೋಗ್ಲಿ.” ಪೆನ್ನನ್ನು ನನ್ನತ್ತ ಸರಿಸಿದರು.

ಅಮ್ಮ ಬಂದು ತಟ್ಟೆ ಎತ್ತಿಕೊಂಡಳು. “ಷಡಕ್ಷರಿ, ತವರಿನ ಪಾಲು ಬೇಡ ಅಂತ ನನ್ನ ಕೈಲಿ ಸಹಿ ಹಾಕಿಸ್ಕೊಂಡಾಗ್ಲೂ ನೀನು ಹಿಂಗೇ ಅಂದಿದ್ದೆ, ಹೇಗೂ ಬಂದಿದೀಯಲ್ಲ ಅಕ್ಕ ಅಂತ. ಆಗ ಕೊಟ್ಟ ಸೀರೇನ ನಾನು ಇವತ್ತಿಗೂ ಉಟ್ಟಿಲ್ಲ. ಇದನ್ನ ನೀನೇ ತಗೊಂಡು ಹೋಗು.”

ಮಾವ ಪೆನ್ನಿಗೆ ಮುಚ್ಚಳ ಹಾಕಿದರು. ಊಟಕ್ಕೆ ನಿಲ್ಲಲಿಲ್ಲ.

ಸೋಮವಾರ ನಾನು ಎರಡೂ ಬ್ರೌಸರ್ ತೆಗೆದು ಮೂವತ್ತೆರಡು ಬಿಟ್‌ನ ಒಂದೇ ಒಂದನ್ನು ಹಾಕಿದೆ. ಕಂಪ್ಯೂಟರ್ ಹಗುರಾಗಿ ಓಡಿತು. ಅಣ್ಣಂದಿರು ಜೊತೆಯಾಗಿ ಬಂದು ಪಕ್ಕದಲ್ಲಿ ನಿಂತರು.

“ನಮ್ಮ ಗಿರಾಕಿಗಳೆಲ್ಲ ಎಲ್ಲೇ?” ಎಂದು ಮಧು ಕೇಳಿದ.

“ಎಲ್ಲ ಇದರೊಳಗೇ ಇದಾರೆ. ಪಾಸ್‌ವರ್ಡ್ ಹಾಕಿದೀನಿ. ಮೂರನೇ ಪಾಲು ನಂದು ಅಂತ ಬರೆದು ತನ್ನಿ, ಹೇಳ್ತೀನಿ.”

ಜ್ಞಾನೇಶ ಮಧುವಿನ ಮುಖ ನೋಡಿದ. ಮಧು ಜ್ಞಾನೇಶನ ಮುಖ ನೋಡಿದ. ಅಷ್ಟರಲ್ಲಿ ಸಾಗರದ ಗಿರಾಕಿ ಫೋನ್ ಮಾಡಿ ಕೊಟೇಶನ್ ಎಲ್ಲಿ ಎಂದು ಬೈಯತೊಡಗಿದ. ಫೋನನ್ನು ಅಣ್ಣಂದಿರ ಕೈಗೆ ಕೊಟ್ಟೆ. ಬೈಗುಳವನ್ನು ಮೊದಲ ಸಲ ಅವರೇ ಕೇಳಿಸಿಕೊಂಡರು. ಆಮೇಲೆ ಮಧು ಹೊರಗೆ ಹೋಗಿ ಭದ್ರಾವತಿಗೆ ಫೋನ್ ಹಚ್ಚಿದ.

“ಮಾವ, ನಿಮಗೆ ಮೂರು ಪಾಲು ಮಾಡೋಕೆ ಬರತ್ತಾ?”