ಕಂಟ್ರೋಲಿನ ಕನ್ನಡಕ

"ಅದೆಲ್ಲಾ ಇರ್ಲಿ ತಂಗಿ, ನನ್ನ ಕನ್ನಡಕ ಯಾವಾಗ ಬರ್ತೈತಿ?"

ಹತ್ತೊಂಬತ್ತನೆಯ ಪ್ರಶ್ನೆ ಟ್ಯಾಬಿನ ಮೇಲೆ ಹಾಗೇ ನಿಂತಿತು. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ ಸುಗುಣಮ್ಮ ಲಾಳಿ ಹಿಡಿದ ಕೈ ನಿಲ್ಲಿಸಿ ಕಾಯುತ್ತಿದ್ದಳು. ಸರ್ವೆಗೆ ಬಂದಿದ್ದ ನವನೀತಾಗೆ ಅರ್ಥವಾಗಲಿಲ್ಲ.

"ಯಾವ ಕನ್ನಡಕಾರೀ ಅಮ್ಮಾ?"

"ಯಾವ್ದಂದ್ರ? ಹೋದ ಸಲ ಬಂದಾಗ ನೀನಽ ಹೇಳಿದ್ದಿ ಅಲ್ಲ, ನೀವು ಕಂಟ್ರೋಲ್‌ನಾಗ ಬಂದೀರಿ ಅಂತ. ತಿಂಗಳಾ ದುಕಾನಕ್ಕ ಹೋಗಿ ಹೆಬ್ಬಟ್ಟು ಒತ್ತಿದಾಗೆಲ್ಲಾ ಕೇಳ್ತೀನಿ. ಆ ಭಾಡ್ಯಾ ಅಕ್ಕಿ ಅಳಕೋತ ನಗತಾನ. 'ಸ್ಟಾಕ್ ಬಂದಿಲ್ಲಬೇ, ಬಂದ್ರ ಮೊದಲು ನಿಂಗ' ಅಂತಾನ."

ಈ ಗಡಿ ಸೀಮೆಯಲ್ಲಿ ಕಂಟ್ರೋಲ್ ಎಂದರೆ ರೇಷನ್ ಅಂಗಡಿ. ಕಂಟ್ರೋಲ್ ಅಕ್ಕಿ, ಕಂಟ್ರೋಲ್ ಸೀಮೆಎಣ್ಣೆ. ಪಕ್ಕದ ಮಕ್ತಲ್‌ನಲ್ಲಿ ಹುಟ್ಟಿ ಬೆಳೆದ ನವನೀತಾಗೆ ಅದು ಗೊತ್ತಿಲ್ಲದ್ದಲ್ಲ. ಅವಳ ಅಜ್ಜಿ ಸಾಯುವ ತನಕ ಹಾಗೇ ಅಂದವಳು. ಆದರೆ ಹೈದರಾಬಾದಿನ ಐದು ದಿನದ ತರಬೇತಿಯಲ್ಲಿ ಆ ಶಬ್ದ ಬೇರೆಯದೇ ಆಗಿ ಬಾಯಿಗೆ ಹತ್ತಿಬಿಟ್ಟಿತ್ತು. ಹತ್ತಿರದ್ದು ಮಂಜುಮಂಜಾಗಿ ಕಾಣುವ ಇನ್ನೂರು ನೇಕಾರರು. ಕಂಪ್ಯೂಟರು ಚೀಟಿ ಎತ್ತಿ ನೂರು ಜನರಿಗೆ ಕನ್ನಡಕ ಕೊಟ್ಟಿತು, ಉಳಿದ ನೂರು ಜನರಿಗೆ ಏನೂ ಇಲ್ಲ. ಎರಡು ವರ್ಷ ಎರಡೂ ಕಡೆಯ ಸೀರೆಗಳಲ್ಲಿ ತಪ್ಪು ಎಣಿಸಿ ಹೋಲಿಸಬೇಕು. ಏನೂ ಸಿಗದ ಆ ನೂರು ಜನರ ಹೆಸರೇ ಕಂಟ್ರೋಲ್.

"ಚನ್ನವೀರಮ್ಮ ನಾರಾಯಣಪೇಟಿ ಬಜಾರಿಗೆ ನಡಿ, ಅಲ್ಲೇ ಸಿಗ್ತಾವ ಅಂದ್ಲು," ಸುಗುಣಮ್ಮ ತನ್ನ ತಂಗಿಯ ಮಾತು ತೆಗೆದಳು. "ಕಂಟ್ರೋಲ್‌ನಾಗ ಬರೂದೈತಿ, ಎರಡೆರಡು ಹಾಕ್ಕೊಂಡು ಯಾರ ಮಾರಿ ನೋಡ್ಲಿ ಅಂದೆ."

ತಾನೇ ನಕ್ಕಳು. ನವನೀತಾ ನಗಲಿಲ್ಲ. ಮಗ್ಗಕ್ಕೆ ಒಮ್ಮೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದರೆ ಎಂಟು ಸೀರೆ. ಮೂರು ಇಳಿದಿದ್ದವು, ಮೂರರಲ್ಲೂ ಚೌಕಳಿ ಸೊಟ್ಟಗಾಗಿತ್ತು. ನೂಲು ಕೊಡುವ ಸಾವ್ಕಾರ ಲಕ್ಷ್ಮಣ್ ಹೋದ ವಾರ ಬಂದು, ನಾಲ್ಕನೆಯದೂ ಹೀಗೇ ಆದರೆ ಹಾಸು ಕತ್ತರಿಸಿಕೊಂಡು ಮರಿಕಲ್‌ ಊರಿನ ನೇಕಾರರಿಗೆ ಕೊಡುತ್ತೇನೆ ಎಂದು ಹೇಳಿ ಹೋಗಿದ್ದ. ಹನ್ನೊಂದನೆಯ ಪ್ರಶ್ನೆಗೆ ಸುಗುಣಮ್ಮನೇ ಅದನ್ನು ಹೇಳಿದ್ದಳು. ನವನೀತಾ ಬರೆದುಕೊಂಡಿದ್ದಳು.

ಅವಳು ಅಂಗಳಕ್ಕೆ ಬಂದು ಮೇಲ್ವಿಚಾರಕ ಅಂಜನಕುಮಾರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

"ಏನೂ ಹೇಳಾಕ ಹೋಗಬ್ಯಾಡ," ಎಂದ ಅವನು. "ಬಜಾರಿನ್ಯಾಗ ತಗೋರಿ ಅಂತ ನಾವಽ ಹೇಳಿದ್ರ ಆಕಿ ಕಂಟ್ರೋಲ್ ಹೆಂಗಾಗ್ತಾಳ?"

"ಆಕಿ ಮಗ್ಗ ಹೋಗ್ತೈತಿ ಸರ್."

"ಹೋದ್ರ ಅದಕ್ಕೂ ಒಂದು ಕಾಲಂ ಐತಿ, ನೋಡು. ತುಂಬು."

ಒಳಗೆ ಬಂದು ಅವಳು ಮಗ್ಗದ ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತಳು. ಕಂಟ್ರೋಲ್ ಎಂದರೆ ದುಕಾನವಲ್ಲ, ಏನೂ ಬರುವುದಿಲ್ಲ, ತಪ್ಪು ತನ್ನ ಬಾಯಿಯದು ಎಂದು ಒಂದೊಂದಾಗಿ ಹೇಳಿದಳು. "ಈಗಽ ನಡೀರಿ ಅಮ್ಮಾ, ಸ್ಕೂಟಿ ಮ್ಯಾಲ ನಾರಾಯಣಪೇಟಿಗೆ ಹೋಗಿ ತರೋಣು."

ಸುಗುಣಮ್ಮ ಅವಳ ಮುಖವನ್ನು, ದೂರದ್ದೇನನ್ನೋ ನೋಡುವವಳಂತೆ ಕುತ್ತಿಗೆ ಹಿಂದೆ ಎಳೆದು, ನೋಡಿದಳು.

"ದುಕಾನದಾವನೂ ಗೋಧಿ ಮಾರ್ಕೊಂಡ ಮ್ಯಾಲ ಹಿಂಗಽ ಅಂತಾನ, ಬಂದಽ ಇಲ್ಲ ಅಂತ," ಎಂದಳು ಮೆಲ್ಲಗೆ. "ನಂದು ಯಾರಿಗೆ ಮಾರಿದಿ?"

"ಅಮ್ಮಾ, ದೇವರಾಣಿ..."

"ಹೆಸರು ಬರ್ಕೊಂಡು ಹೋಗೀದಿ. ಸೈ ಹಾಕೀನಿ. ಎದುರು ಮನಿ ಮೊಗುಲಮ್ಮಗ ಬಂತು, ನಂಗ ಬರಂಗಿಲ್ಲ? ತಡ ಆಗ್ಲಿ. ನನ್ನ ಪಾಲಿಂದು ನಾನಽ ತಗೋತೀನಿ, ನಿನ್ನ ಗಾಡಿ ಹತ್ತಂಗಿಲ್ಲ. ಏಳು, ಬೆಳಕಿಗೆ ಅಡ್ಡ ಕುಂತಿ."

ನವನೀತಾ ಎದ್ದು ಗೋಡೆಗೆ ಸರಿದಳು. ಸುಗುಣಮ್ಮ ಬಾಗಿ, ನಾಲ್ಕನೆಯ ಸೀರೆಯ ಕೆಂಪು ಪಟ್ಟಿಯ ಎಳೆಗಳನ್ನು ಉಗುರಿನಿಂದ ತಡವುತ್ತ ಎಣಿಸಿದಳು. ಮನೆಮಾತು ಕನ್ನಡವಾದರೂ ಎಣಿಕೆ ಅವಳಿಗೆ ತೆಲುಗಿನಲ್ಲೇ. "ಒಕಟಿ, ರೆಂಡು, ಮೂಡು..." ಪಟ್ಟಿಗೆ ಇರಬೇಕಾದ ಆರಕ್ಕೆ ನಿಲ್ಲಿಸಿದಳು.

"ಅಮ್ಮಾ, ಏಳು ಅದಾವ," ಎಂದಳು ನವನೀತಾ.

ಸುಗುಣಮ್ಮ ತಲೆ ಎತ್ತಲಿಲ್ಲ. ಹಳದಿ ನೂಲಿನ ಲಾಳಿ ಎತ್ತಿಕೊಂಡು, ಹಾಸಿನ ಆಚೆ ಅಂಚಿಗೆ ಹೊಡೆದಳು.