ತವಿನ್ ಕಟ್ಟಿದ ಗಾಳಿದೋಣಿ

ನನ್ನ ತಮ್ಮ ತವಿನ್ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಊರವರ ಇಂಜಿನ್ನುಗಳನ್ನು ಎರಡೇ ದಿನದಲ್ಲಿ ಸರಿಮಾಡಿ ಕೊಡುತ್ತಾನೆ. ನಮ್ಮ ಮನೆಯ ನೀರಿನ ಪಂಪು ಕೆಟ್ಟು ಹತ್ತು ತಿಂಗಳಾಯಿತು. ಇಂಥವನು ಒಂದು ದಿನ ಊಟದ ಮಧ್ಯೆ, ನನಗಾಗಿ ಗಾಳಿಯ ಮೇಲೆ ತೇಲುವ ದೋಣಿ ಕಟ್ಟುತ್ತೇನೆ ಎಂದ.

ಕಾರಣ ನನ್ನ ಮಂಡಿ. ಮೆಕ್ಲಾಂಗ್ ನದಿ ಸಮುದ್ರ ಸೇರುವಲ್ಲಿ, ನೀರು ಇಳಿದಾಗ ಕೆಸರಿನಲ್ಲಿ ಕಪ್ಪೆಚಿಪ್ಪು ಆರಿಸುವುದು ನನ್ನ ಮೂವತ್ತು ವರ್ಷದ ಕೆಲಸ. ಹಲಗೆಯ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲಿನಿಂದ ಕೆಸರು ತಳ್ಳುತ್ತ ಜಾರಬೇಕು. ಈ ವರ್ಷ ಆ ಮಂಡಿ ಬಾತು, ಮಡಿಸಲಿಕ್ಕೇ ಆಗುತ್ತಿರಲಿಲ್ಲ.

ತವಿನ್ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಬೇಕಾದದ್ದೆಲ್ಲ ನನ್ನ ಮನೆಯಿಂದಲೇ ಹೋಯಿತು. ಅಡುಗೆಮನೆಯ ಅಡ್ಡಗೋಡೆಯ ಪ್ಲೈವುಡ್ಡನ್ನು ದುಂಡಗೆ ಕೊಯ್ದ. ನಾನು ಚಿಪ್ಪು ಮಾರುವ ಅಂಗಡಿ ಮುಂದಿನ ತಾಡಪಾಲನ್ನು ಅದರ ತಳಕ್ಕೆ ಚೀಲದಂತೆ ಬಿಗಿದು, ಗಾಳಿ ಹೊರಬರಲು ತೂತು ಮಾಡಿದ. ವಿಹಾರದ ಭಿಕ್ಷುಗಳು ಅಂಗಳದ ಎಲೆ ಊದುವ ಯಂತ್ರವೊಂದನ್ನು ಮಾತ್ರ ಬೇಡಿ ತಂದು, ಚೀಲಕ್ಕೆ ಗಾಳಿ ತುಂಬಲು ಮೇಲೆ ಕೂರಿಸಿದ. ಮೊದಲ ಸಲ ಶುರುಮಾಡಿದಾಗ ತಾಡಪಾಲು ಹರಿಯಿತು. ಎರಡನೇ ಸಲ ಪಕ್ಕದ ಸಮೋನ್ ಚಿಕ್ಕಮ್ಮ ಒಣಹಾಕಿದ್ದ ಸೀಗಡಿಯೆಲ್ಲ ಕಾಲುವೆಗೆ ಹಾರಿತು. ಬೈಸಿಕೊಂಡವಳು ನಾನು.

ಮೂರನೇ ಸಲ ಅದು ನಿಜಕ್ಕೂ ನೆಲ ಬಿಟ್ಟು ಎದ್ದಿತು. ನೀರು ಇಳಿದ ಹೊತ್ತು ನೋಡಿ ಕೆಸರಿಗೆ ಒಯ್ದೆವು.

"ಅಕ್ಕಾ, ಸರಿಯಾಗಿ ಮಧ್ಯದಲ್ಲಿ ಕೂತ್ಕೋ. ಒಂಚೂರೂ ಅಲುಗಾಡ್ಬೇಡ."

"ಅಲುಗಾಡದೆ ಚಿಪ್ಪು ಹೆಂಗೋ ಆರಿಸ್ಲಿ?"

ಅದನ್ನು ಆಮೇಲೆ ನೋಡೋಣ ಎಂದು ನನ್ನ ಕೈಗೊಂದು ಬಿದಿರಿನ ಕೋಲು ಕೊಟ್ಟ. ಕೆಸರಿಗೆ ಒಮ್ಮೆ ಚುಚ್ಚಿದ್ದೇ ತಡ, ದೋಣಿ ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಮಂಡಿ ನೋಯಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ತಿರುಗಿಸುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಬುಗುರಿಯ ಹಾಗೆ ಸುತ್ತುತ್ತ ಸಮುದ್ರದ ಕಡೆ ಹೋದೆ. ದಡ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ. ಅಷ್ಟರಲ್ಲಿ ಪೆಟ್ರೋಲ್ ಮುಗಿದು, ದೋಣಿ ಕೆಸರಿಗೆ ಕಚ್ಚಿ ಕೂತಿತು.

ತವಿನ್ ನನ್ನ ಹಲಗೆ ಹತ್ತಿ ಬಂದ. ಹಲಗೆ ಮುಟ್ಟಿ ಅವನಿಗೆ ಇಪ್ಪತ್ತು ವರ್ಷವಾಗಿತ್ತು. ಮೂರು ಕಡೆ ಬಿದ್ದು, ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕೆಸರಾಗಿ ತಲುಪಿದ.

"ಪೆಟ್ರೋಲ್ ಎಲ್ಲೋ?"

ಅವನು ದಡದ ಕಡೆ ತಿರುಗಿ ನೋಡಿದ. ಕ್ಯಾನು ಅಲ್ಲೇ ಇತ್ತು.

ಬಿದಿರಿನ ಕೋಲನ್ನು ದೂರ ಇಟ್ಟೆ. ಕೈಯಲ್ಲಿದ್ದರೆ ಅದು ಅವನ ಬೆನ್ನ ಮೇಲೆ ಮುರಿಯುತ್ತಿತ್ತು. ನೀರು ಏರುವವರೆಗೆ ಇಬ್ಬರೂ ಆ ಪ್ಲೈವುಡ್ಡಿನ ಮೇಲೆ ಕೂತೆವು. ನೀರು ಬಂದು ಅದನ್ನು ಎತ್ತಿದಾಗ ಕೋಲು ಊರುತ್ತ ದಡಕ್ಕೆ ಬಂದೆವು.

"ನೋಡಿದ್ಯಾ ಅಕ್ಕಾ, ಇಂಜಿನ್ ಇಲ್ದೇನೂ ತೇಲತ್ತೆ," ಎಂದ. ಮುಖದಲ್ಲಿ ಹೆಮ್ಮೆ.

"ನಾಳೆಯಿಂದ ಚಿಪ್ಪಿಗೆ ನೀನೇ ಹೋಗು," ಎಂದೆ.

ಸಿಟ್ಟಿಗೆ ಆಡಿದ ಮಾತು. ಆದರೆ ಮರುದಿನ ನಾನು ಏಳುವ ಮೊದಲೇ ಅವನು ಹಲಗೆ ಹೊತ್ತು ಹೋಗಿದ್ದ. ಈಗ ದಿನವೂ ಹೋಗುತ್ತಾನೆ. ತರುವುದು ಅರ್ಧ ಬುಟ್ಟಿ, ಅದರಲ್ಲೂ ಅರ್ಧ ಎಳೆಯ ಚಿಪ್ಪು, ವಾಪಸ್ ಹಾಕಿಸುತ್ತೇನೆ. ನನ್ನ ಮಂಡಿಯ ಬಾವು ಇಳಿದಿದೆ. ಅಡುಗೆಮನೆಗೆ ಇನ್ನೂ ಅಡ್ಡಗೋಡೆ ಇಲ್ಲ.

ನಿನ್ನೆ ಬಂದವನು, ಹಲಗೆಯ ಆಕಾರವೇ ಸರಿಯಿಲ್ಲ, ಸ್ವಲ್ಪ ತಿದ್ದಬೇಕು ಎಂದ. ಗರಗಸವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ.